ದೊಡ್ಡವ್ವನ ಬುಟ್ಟಿ ಇಡುವ ಮೂಲೆ

ಗದಗಿನ ಖಾನಾವಳಿಯ ಮಾಲಕರು ಬುಟ್ಟಿಯ ಬಟ್ಟೆ ಸರಿಸಿದರು, ಒಳಗೆ ನೋಡಿದರು, ಬುಟ್ಟಿಯನ್ನು ನನ್ನ ಕಡೆ ತಿರುಗಿಸಿದರು. ಮೇಲಿನ ರೊಟ್ಟಿ ನೆಟ್ಟಗಿತ್ತು. ಅದರ ಕೆಳಗಿನದು ಎರಡು ಹೋಳು. ಅದರ ಕೆಳಗಿನವನ್ನು ರೊಟ್ಟಿ ಅನ್ನುವ ಹಾಗೇ ಇರಲಿಲ್ಲ, ಚುರುಮುರಿಗೆ ಕಲಸಬಹುದಾದ ಚೂರುಗಳಾಗಿದ್ದವು.

“ಅಕ್ಕಾರ, ಇವನ್ನ ಉಣ್ಣೋ ಮಂದಿ ಮುಂದ ಹೆಂಗ ಇಡ್ಲಿ, ನೀವ ಹೇಳ್ರಿ” ಅಂದರು. ಸಿಟ್ಟಿನಿಂದಲ್ಲ, ಮರುಕದಿಂದ. ಅದೇ ನನಗೆ ಹೆಚ್ಚು ಉರಿಯಿತು. “ಉಳಿದ ಬುಟ್ಟಿ ಛಲೋ ಅದಾವು. ಇದೊಂದ ಹಿಂಗ. ನಿಮ್ಮ ದೊಡ್ಡವ್ವನ ಕೈ ಹೋತ್ರಿ. ವಯಸ್ಸಾತು, ಏನ್ ಮಾಡಾಕ ಬರ್ತೈತಿ?”

ನಾನು ಲಕ್ಷ್ಮೇಶ್ವರದಲ್ಲಿ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಜೋಳದ ಕಡಕ್ ರೊಟ್ಟಿ ಮಾಡಿಸುತ್ತೇನೆ. ನಾನು ಸೇರಿ ನಾಲ್ಕು ಹೆಂಗಸರು. ಒಲೆಯ ಮುಂದೆ ಆನಿಸಿಟ್ಟು ಗರಿಗರಿ ಒಣಗಿಸಿದ ರೊಟ್ಟಿಗಳನ್ನು ಬುಟ್ಟಿಗಳಲ್ಲಿ ಪೇರಿಸಿ, ಬಟ್ಟೆ ಕಟ್ಟಿ, ನನ್ನ ಹಳೆಯ ಕಾರಿನಲ್ಲಿ ಗದಗಿನ ಖಾನಾವಳಿಗಳಿಗೂ ಸುತ್ತಲಿನ ಊರುಗಳ ಮದುವೆ ಮನೆಗಳಿಗೂ ನಾನೇ ಒಯ್ದು ಮುಟ್ಟಿಸುತ್ತೇನೆ. ನಾಲ್ವರಲ್ಲಿ ಎಲ್ಲರಿಗಿಂತ ದೊಡ್ಡವಳು ದೊಡ್ಡವ್ವ. ನನಗೆ ರಕ್ತಸಂಬಂಧವಲ್ಲ, ಇಡೀ ಓಣಿಗೇ ಆಕೆ ದೊಡ್ಡವ್ವ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ ಆಕೆಯದು. ಮನೆಯಲ್ಲಿ ಸೊಸೆ ಒಂದು ಕಡ್ಡಿಯನ್ನೂ ಎತ್ತಿಡಗೊಡುವುದಿಲ್ಲ. ಅದಕ್ಕೇ ನಮ್ಮಲ್ಲಿಗೆ ಬರುತ್ತಾಳೆ. ಬರುವಾಗ ತನ್ನದೇ ಹಂಚು ತಂದಿದ್ದಳು, ಬೇರೆ ಹಂಚಿನ ಮೇಲೆ ಆಕೆಯ ಕೈ ಓಡುವುದಿಲ್ಲ.

ನಾನು ಮದುವೆಯಾಗಿ ಬಂದಾಗ ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ನಮ್ಮಪ್ಪ ಶಿರಹಟ್ಟಿಯಲ್ಲಿ ಟ್ರ್ಯಾಕ್ಟರ್ ಮೇಸ್ತ್ರಿ. ತಾಯಿಯಿಲ್ಲದ ಮನೆಯಲ್ಲಿ ನಾನು ಅವನಿಗೆ ಪಾನ, ಅಂದರೆ ಸ್ಪ್ಯಾನರು, ಎತ್ತಿಕೊಡುತ್ತ ಬೆಳೆದವಳು. ಯಾವ ನಟ್ಟಿಗೆ ಯಾವ ಪಾನ ಕೂರುತ್ತದೆ ಅಂತ ಕಣ್ಣಳತೆಯಲ್ಲಿ ಹೇಳುತ್ತಿದ್ದೆ, ಹಿಟ್ಟಿಗೆ ಎಷ್ಟು ಎಸರು ಅಂತ ಕೇಳಿದರೆ ಬೆಪ್ಪಾಗುತ್ತಿದ್ದೆ. ಅತ್ತೆ ನೀರಿಗೆ ಹೋದ ಹೊತ್ತು ನೋಡಿ ದೊಡ್ಡವ್ವ ಹಿತ್ತಲ ಬಾಗಿಲಿನಿಂದ ಬಂದು ನನ್ನ ಪಾಲಿನ ರೊಟ್ಟಿ ಬಡಿದುಕೊಟ್ಟು ಹೋಗುತ್ತಿದ್ದಳು, ಕಲಿಸುತ್ತಲೂ ಇದ್ದಳು. ಒಂದು ದಿನವೂ ಯಾರ ಮುಂದೂ ಬಾಯಿಬಿಡಲಿಲ್ಲ. ಅಂಥವಳ ಕೈ ಹೋಯಿತು ಅಂತ ಒಬ್ಬರು ನನ್ನ ಮುಖಕ್ಕೆ ಹೇಳುವಾಗ ನಾನು ಬುಟ್ಟಿಗೆ ಬಟ್ಟೆ ಕಟ್ಟಿ ಎತ್ತಿಕೊಂಡು ಬಂದೆ.

ಮೊದಲು ಹಿಟ್ಟಿನ ಮೇಲೆ ಅನುಮಾನಪಟ್ಟೆವು. ಹೊಸ ಜೋಳದಲ್ಲಿ ಜಿಗುಟು ಕಡಿಮೆ ಅಂದಳು ಒಬ್ಬಳು. ಗಿರಣಿಯವನು ದಪ್ಪ ಬೀಸಿದ್ದಾನೆ ಅಂದಳು ಇನ್ನೊಬ್ಬಳು. ಗಿರಣಿ ಬದಲಿಸಿದೆವು, ಜೋಳ ಬದಲಿಸಿದೆವು. ಆಮೇಲೆ ಒಂದು ಮುಂಜಾನೆ ನೋಡುತ್ತೇನೆ, ದೊಡ್ಡವ್ವ ರೊಟ್ಟಿಯನ್ನು ದಪ್ಪ ಬಡಿಯುತ್ತಿದ್ದಾಳೆ. ದೊಡ್ಡವ್ವನ ರೊಟ್ಟಿ ಅಂದರೆ ಬೆಳಕಿಗೆ ಹಿಡಿದರೆ ಆಚೆಯವರ ನೆರಳು ಕಾಣಬೇಕು, ಅಷ್ಟು ತೆಳು. ಆಕೆ ದಪ್ಪ ಬಡಿಯುವುದೆಂದರೆ ಹಾಡುವವಳು ಬೇಕಂತಲೇ ದನಿ ಕೆಡಿಸಿಕೊಂಡ ಹಾಗೆ.

“ಯಾಕ ದೊಡ್ಡವ್ವ, ಇದೇನ್ ಬಿಸ್ಕೀಟು ಮಾಡಾಕತ್ತಿ?” ಅಂತ ಚೇಷ್ಟೆ ಮಾಡಿದೆ.

“ಮುರಿದ ತೆಳುವಿಗಿಂತ ನೆಟ್ಟಗಿನ ದಪ್ಪ ಛಲೋ ಅಲ್ಲೇನ ತಂಗಿ” ಅಂದಳು, ತಲೆ ಎತ್ತದೆ.

ಆ ದಪ್ಪ ರೊಟ್ಟಿಗಳೂ ಗದಗು ಮುಟ್ಟುವಷ್ಟರಲ್ಲಿ ಮುರಿದಿದ್ದವು.

ಇಲ್ಲಿ ನಮ್ಮ ಒಂದು ರೂಢಿಯನ್ನು ಹೇಳಬೇಕು. ಯಾವ ಮದುವೆಗೆ ಹೋದರೂ ದೊಡ್ಡವ್ವನ ಬುಟ್ಟಿ ಬೀಗರಿಗೆ. ಬೀಗರ ಎಲೆಗೆ ಎಲ್ಲಕ್ಕಿಂತ ತೆಳುವಾದ, ಅಂಚು ಕೂಡ ಬಿರಿಯದ ರೊಟ್ಟಿ ಬೀಳಬೇಕು. ಮುರಿದ ರೊಟ್ಟಿ ಬಿದ್ದರೆ ಆ ಮಾತು ಮೂರು ತಲೆಮಾರು ಓಡುತ್ತದೆ. ಆದ್ದರಿಂದ ದೊಡ್ಡವ್ವನ ಬುಟ್ಟಿ ಕಾರಿಗೆ ಕೊನೆಗೆ ಏರಬೇಕು, ಮೊದಲು ಇಳಿಯಬೇಕು, ಮೇಲೆ ಇನ್ನೊಂದು ಬುಟ್ಟಿ ಕೂರಬಾರದು. ಹಿಂದಿನ ಸೀಟು ಮಡಚಿ ಎಲ್ಲ ಬುಟ್ಟಿ ತುಂಬಿದ ಮೇಲೆ ಡಿಕ್ಕಿಯ ಬಾಗಿಲ ಹತ್ತಿರ ಬಲಮೂಲೆಯಲ್ಲಿ ಒಂದು ಜಾಗ ಉಳಿಯುತ್ತದೆ. ಅದು ದೊಡ್ಡವ್ವನದು. ಖಾನಾವಳಿಗೆ ಹೋಗುವಾಗಲೂ ಅದೇ ಜಾಗ. ಮಾನದ ಜಾಗ ಅಂತ ನಾವೇ ಕೊಟ್ಟಿದ್ದು.

ಒಂದು ದಿನ ಶಿಗ್ಲಿಯಿಂದ ಜೋಳದ ಚೀಲ ತರುವುದಿತ್ತು. ಚೀಲ ಹಿಂದೆ ಇಡಬೇಕಾದ್ದರಿಂದ ದೊಡ್ಡವ್ವನ ಬುಟ್ಟಿಯನ್ನು ಮುಂದಿನ ಸೀಟಿನ ಮೇಲೆ ಇಟ್ಟು, ಇನ್ನೊಬ್ಬಳ ಬುಟ್ಟಿಯನ್ನು ಬಲಮೂಲೆಗೆ ನೂಕಿದೆ. ಗದಗಿನಲ್ಲಿ ಬುಟ್ಟಿಗಳ ಬಟ್ಟೆ ಬಿಚ್ಚಿದರೆ ದೊಡ್ಡವ್ವನವು ಒಂದೂ ಮುರಿದಿರಲಿಲ್ಲ. ಮೂಲೆಯ ಬುಟ್ಟಿ ಪುಡಿಪುಡಿ. ನಾನು ಖಾನಾವಳಿಯ ಬಾಗಿಲಲ್ಲೇ ನಿಂತು ನಕ್ಕುಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆವು.

ಕಾರು ಅಷ್ಟು ದಿನದಿಂದ ಹಿಂದೆ ‘ಖಟ್’ ಅನ್ನುತ್ತಿದ್ದದ್ದು ನನಗೆ ಗೊತ್ತಿತ್ತು. ಸ್ಟೆಪ್ನಿ ಸಡಿಲಾಗಿ ಕುಣಿಯುತ್ತಿದೆ ಅಂದುಕೊಂಡಿದ್ದೆ. ನಮ್ಮ ಕಡೆ ಎರೆಭೂಮಿಯ ಮೇಲೆ ಹಾಸಿದ ರಸ್ತೆ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಅಲೆಅಲೆಯಾಗಿರುತ್ತದೆ. ಆ ರಸ್ತೆಯಲ್ಲಿ ಸದ್ದು ಮಾಡದ ಗಾಡಿಯೇ ಇಲ್ಲ. ಮನೆಗೆ ಬಂದು ಡಿಕ್ಕಿಯ ಬಲಬದಿಯ ಹೊದಿಕೆ ಬಿಚ್ಚಿದೆ. ಒಳಗೆ ಶಾಕ್ ಅಬ್ಸಾರ್ಬರಿನ ತುದಿ ಮೇಲೆ ಬಂದು ನಿಲ್ಲುತ್ತದೆ. ಅದರ ಸುತ್ತ, ತಗಡಿನ ಮೇಲೊಂದು ಕೆಳಗೊಂದು, ಎರಡು ರಬ್ಬರಿನ ಬುಷ್ ಇರಬೇಕು. ಇದ್ದದ್ದು ಇದ್ದಿಲಿನಂಥ ಪುಡಿ. ರಬ್ಬರು ಇರಬೇಕಾದ ಕಡೆ ಬೆರಳು ಹೋಗುವಷ್ಟು ಸಂದು. ರಸ್ತೆಯ ಪ್ರತಿಯೊಂದು ಪೆಟ್ಟೂ ಕಬ್ಬಿಣದಿಂದ ಕಬ್ಬಿಣಕ್ಕೆ ಬಿದ್ದು, ಸೀದಾ ದೊಡ್ಡವ್ವನ ಬುಟ್ಟಿಗೆ ಹೋಗುತ್ತಿತ್ತು.

ಗ್ಯಾರೇಜಿನವನು ಬಗ್ಗಿ ನೋಡಿ, “ಗಾಡಿ ಬಿಟ್ಟು ಹೋಗ್ರಿ, ಈ ವಾರ ಕೆಲಸ ಭಾಳ ಐತಿ” ಅಂದ. ಮುಂಡರಗಿಯಲ್ಲಿ ಒಂದು ದೊಡ್ಡ ಮದುವೆಗೆ ಒಪ್ಪಿಕೊಂಡಿದ್ದೆ, ಆ ವಾರವೇ. ಕಾರಿಲ್ಲದೆ ನನ್ನ ಕೆಲಸ ಒಂದು ದಿನವೂ ನಡೆಯದು. ಅಪ್ಪ ತೀರಿಕೊಂಡಾಗ ಅಣ್ಣ ಹೊಲ ನೋಡಿಕೊಂಡ, ನಾನು ಪಾನಗಳ ಚೀಲ ತಂದಿದ್ದೆ. ಅದನ್ನು ಅಟ್ಟದಿಂದ ಇಳಿಸಿದೆ.

ಗದಗಿನ ಬಿಡಿಭಾಗದ ಅಂಗಡಿಯ ಚಾಚಾ ಬುಷ್‌ಗಳನ್ನು ಎಣ್ಣೆ ಕಾಗದದಲ್ಲಿ ಸುತ್ತಿಕೊಡುತ್ತ, “ಮೇಸ್ತ್ರಿ ಯಾರ್ರಿ?” ಅಂತ ಕೇಳಿದರು.

“ನಾನ ಮೇಸ್ತ್ರಿ.”

ಚಾಚಾ ಕನ್ನಡಕದ ಮೇಲಿಂದ ನೋಡಿದರು. “ಮಾಷಾ ಅಲ್ಲಾ” ಅಂದರು. ಹೊಗಳಿದರೋ ಹೆದರಿದರೋ ತಿಳಿಯಲಿಲ್ಲ.

ಮಧ್ಯಾಹ್ನ ಒಲೆಗಳು ಆರಿದ ಮೇಲೆ ಅಂಗಳದಲ್ಲಿ ಕೆಲಸ ಶುರುವಾಯಿತು. ನನ್ನ ಗಂಡ ಟೇಲರ್, ಅಂಗಡಿ ಮುಚ್ಚಿ ಬಂದಿದ್ದ. ಸೂಜಿಗಿಂತ ದೊಡ್ಡ ಕಬ್ಬಿಣ ಮುಟ್ಟಿದವನಲ್ಲ. ಮುಂದಿನ ಗಾಲಿಗಳಿಗೆ ಇಟ್ಟಂಗಿ ಒಡ್ಡಿದೆ. ಹಿಂದೆ ಜಾಕ್ ಹಚ್ಚಿ ಎತ್ತಿ, ಎರಡೂ ಬದಿ ಜಾಲಿಯ ಕೊರಡು ಕೊಟ್ಟೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬಾರದು, ಇದು ಅಪ್ಪ ನನಗೆ ಮಾತು ಬರುವ ಮೊದಲೇ ಕಲಿಸಿದ ಪಾಠ. ಶಾಕ್ ಬಿಚ್ಚಿದ ಕೂಡಲೇ ಅಚ್ಚು ಜೋತುಬಿದ್ದು ಸ್ಪ್ರಿಂಗು ಜಿಗಿಯಬಾರದೆಂದು ಅಚ್ಚಿನ ಕೆಳಗೆ ಪಕ್ಕದ ಮನೆಯವರ ಜಾಕನ್ನೂ ಹಚ್ಚಿದೆ.

ಮೇಲಿನ ನಟ್ಟು ತುಕ್ಕು ಹಿಡಿದು ಕಲ್ಲಾಗಿತ್ತು. ತಿರುಗಿಸಿದರೆ ನಟ್ಟಿನ ಜೊತೆ ಒಳಗಿನ ಕಂಬಿಯೂ ತಿರುಗುತ್ತಿತ್ತು. ಚಿಮಣಿ ಎಣ್ಣೆ ಹನಿಸಿ ಚಹಾ ಕುಡಿದು ಬಂದೆವು. ಕಂಬಿಯ ನೆತ್ತಿಯಲ್ಲಿ ಚಪ್ಪಟೆ ಮಾಡಿದ ಭಾಗ ಇರುತ್ತದೆ, ಅದನ್ನು ಸಣ್ಣ ಪಾನದಿಂದ ಗಂಡ ಹಿಡಿಯಬೇಕು, ನಾನು ನಟ್ಟು ತಿರುವಬೇಕು.

“ಗಟ್ಟಿ ಹಿಡೀರಿ” ಅಂದೆ.

“ಹಿಡದೀನಲೇ.”

“ಅದು ಕಾಜಾ ಹೊಲಿಯೋದಲ್ಲ. ಗಟ್ಟಿ!”

ಪಾನ ಜಾರಿ ನನ್ನ ಬೆರಳಗಂಟುಗಳು ತಗಡಿಗೆ ಉಜ್ಜಿ ಚರ್ಮ ಎದ್ದಿತು. ಗಂಡನಿಗೆ ನಾನು ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಆತ ಅರಿಸಿನ ತಂದು ಹಚ್ಚಿ, ಈ ಸಲ ಎರಡೂ ಕೈಯಿಂದ ಹಿಡಿದ. ನಟ್ಟು ಕಿರ್ರ್ ಅಂದು ಬಿಟ್ಟಿತು.

ಕೆಳಗಿನ ತುದಿಯಲ್ಲಿ ಶಾಕಿಗೆ ಒಂದು ಕಬ್ಬಿಣದ ಕಣ್ಣು. ಅದರೊಳಗೆ ರಬ್ಬರಿನ ಬುಷ್, ಬುಷ್‌ನ ನಡುವೆ ಕೊಳವೆ, ಕೊಳವೆಯಲ್ಲಿ ಬೋಲ್ಟು. ಹಳೆಯ ಬುಷ್ ಕಣ್ಣಿಗೆ ಅಂಟಿಕೊಂಡಿತ್ತು. ಒತ್ತಿ ಹೊರತಳ್ಳುವ ಪ್ರೆಸ್ ಇರುವ ಕಡೆ ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತಿನ ಕೆಲಸ. ನಮ್ಮಲ್ಲಿ ಪ್ರೆಸ್ ಎಲ್ಲಿಂದ ಬರಬೇಕು? ಉದ್ದನೆಯ ಬೋಲ್ಟು, ನಾಲ್ಕಾರು ವಾಷರು, ಕಣ್ಣಿಗಿಂತ ತುಸು ಅಗಲದ ಒಂದು ಪೈಪಿನ ತುಂಡು ಜೋಡಿಸಿ, ಒಂದು ಕಡೆಯಿಂದ ನಟ್ಟು ಬಿಗಿಯುತ್ತ ಹೋದರೆ ಹಳೆಯ ಬುಷ್ ಮೆಲ್ಲಗೆ ಪೈಪಿನೊಳಗೆ ಜಾರಿ ಹೊರಬರುತ್ತದೆ. ಹೊಸದಕ್ಕೆ ಸೋಪಿನ ನೀರು ಸವರಿ ಅದೇ ರೀತಿ ಒಳಗೆ ಎಳೆದೆ. ಗ್ರೀಸು ಹಚ್ಚಿದರೆ ರಬ್ಬರು ಕೊಳೆಯುತ್ತದೆ, ಅಷ್ಟು ನನಗೆ ತಿಳಿದಿತ್ತು. ತಿಳಿಯದ್ದು ಬೇರೆ ಇತ್ತು.

“ಬಿಗಿ ಅಂದ್ರ ಬಿಗಿ. ನಟ್ಟು ಅಳಬೇಕು” ಅನ್ನುತ್ತಿದ್ದ ಅಪ್ಪ. ಕೆಳಗಿನ ಬೋಲ್ಟಿಗೂ ಮೇಲಿನ ನಟ್ಟಿಗೂ ಪಾನದ ಬಾಲಕ್ಕೆ ಪೈಪು ಸಿಕ್ಕಿಸಿ, ಗಾಡಿ ಕೊರಡಿನ ಮೇಲೆ ನಿಂತಿದ್ದಾಗಲೇ, ಅಳುವ ತನಕ ಬಿಗಿದೆ. ಎಡಬದಿಗೂ ಹಾಗೇ ಮಾಡಿ ಮುಗಿಸಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಓಣಿಯಲ್ಲೊಂದು ಸುತ್ತು ಹೊಡೆದೆ. ಖಟ್ ಇಲ್ಲ. ಗಂಡ ದರ್ಜಿಯ ಟೇಪು ಕೊರಳಿಗೆ ಹಾಕಿಕೊಂಡೇ ನಮಸ್ಕಾರ ಹೊಡೆದ. ದೊಡ್ಡವ್ವ ಕಾರಿನ ಹಿಂದೆ ಬಂದು ನಿಂತು, ಡಿಕ್ಕಿಯ ಮೇಲೆ ಕೈಯಾಡಿಸಿ, “ಹಂಗಾರ ನಾಳಿಂದ ತೆಳ್ಳಗ ಬಡೀಲೇನ?” ಅಂದಳು.

“ಗಾಳಿಗೆ ಹಾರೋವಷ್ಟು ತೆಳ್ಳಗ ಬಡಿ” ಅಂದೆ.

ಬಡಿದಳು. ಆಕೆಯ ಬುಟ್ಟಿಯನ್ನು ಮತ್ತೆ ಬಲಮೂಲೆಗೆ, ಅದರ ಮಾನದ ಜಾಗಕ್ಕೆ ಇಟ್ಟೆ. ಹಾದಿಯುದ್ದಕ್ಕೂ ಹಿಂದೆ ಒಂದೂ ಸದ್ದಿಲ್ಲ. ಖಾನಾವಳಿಯಲ್ಲಿ ನಾನೇ ಮುಂದಾಗಿ ಬುಟ್ಟಿಯ ಬಟ್ಟೆ ಬಿಚ್ಚಿದೆ.

ಮುರಿದಿದ್ದವು. ಮೊದಲಿನಷ್ಟಲ್ಲ, ಆದರೆ ಮುರಿದಿದ್ದವು.

ಮನೆಗೆ ಬಂದು ಸುಳ್ಳು ಹೇಳೋಣ ಅಂದುಕೊಂಡಿದ್ದೆ. ನನ್ನ ಮುಖಕ್ಕೆ ಸುಳ್ಳು ಕೂರುವುದಿಲ್ಲ. ಬುಟ್ಟಿ ಇಳಿಸುವಾಗಲೇ ದೊಡ್ಡವ್ವ ನೋಡಿಬಿಟ್ಟಳು. ಉಳಿದಿಬ್ಬರು ಹೆಂಗಸರಲ್ಲಿ ಒಬ್ಬಳು ಮೆಲ್ಲಗೆ, “ಗಾಡಿ ರಿಪೇರಿ ಆತಲ್ಲ, ಮತ್ತ?” ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಆ ಮಾತು ಪಡಸಾಲೆಯಲ್ಲಿ ಅಲ್ಲೇ ನಿಂತಿತು. ನಾನು ದುರಸ್ತಿ ಮಾಡಿದ ಕಾರೇ ಈಗ ದೊಡ್ಡವ್ವನ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

ದೊಡ್ಡವ್ವ ಹಂಚನ್ನು ಬೂದಿ ಹಾಕಿ ಉಜ್ಜಿ ತೊಳೆದಳು. ಸೆರಗಿನಿಂದ ಒರೆಸಿದಳು. “ಗಾಡಿ ನೆಟ್ಟಗಾತು ತಂಗಿ. ನಾ ನೆಟ್ಟಗಿಲ್ಲ. ಮುಂಡರಗಿ ಬೀಗರ ಮುಂದ ನಿನ್ನ ಮಾನ ಕಳೀಲೇನ? ಮಷಿನ್ ರೊಟ್ಟಿ ಸಿಗ್ತಾವಂತ, ತರಿಸು” ಅಂದು, ಹಂಚನ್ನು ಬಗಲಲ್ಲಿ ಇಟ್ಟುಕೊಂಡು ಹೊರಟಳು. ತಡೆದರೆ ಅತ್ತುಬಿಡುತ್ತಾಳೆ ಅನ್ನಿಸಿ ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ತಡೆದರೆ ನಾನು ಅತ್ತುಬಿಡುತ್ತಿದ್ದೆ.

ಆ ಸಂಜೆ ಗಂಡ ಒಂದು ಉಪಾಯ ಹೇಳಿದ. “ಟೆಂಪೊ ಬಾಡಿಗಿ ಹಿಡೀಲೇ. ಗಾದಿ ಹಾಸಿ ಬುಟ್ಟಿ ಇಟ್ಟು ಒಯ್ಯಿ. ಮುಂಡರಗಿ ಮದುವಿ ಮುಗೀಲಿ, ಆಮ್ಯಾಲ ಗಾಡಿ ನೋಡಿದ್ರಾತು.” ತಪ್ಪು ಮಾತಲ್ಲ. ಆದರೆ ಹಾಗೆ ಒಯ್ದರೆ ಅದು ಮೂವರ ರೊಟ್ಟಿ ಮಾತ್ರ. ದೊಡ್ಡವ್ವ ತನ್ನ ಕೈಯ ಮೇಲೆ ತಾನೇ ನಂಬಿಕೆ ಕಳೆದುಕೊಂಡು ಮನೆಯಲ್ಲಿ ಕೂತಿದ್ದಾಳೆ. ಒಂದು ಮದುವೆ ಕಳೆದು ಹೋದರೆ ಆ ಕೂತದ್ದೇ ಕಾಯಂ ಆಗುತ್ತದೆ. ಹಂಚು ಅಟ್ಟ ಸೇರುತ್ತದೆ. ನಾನು ಟೆಂಪೊ ಬೇಡ ಅಂದೆ. ಇದೇ ಕಾರು, ಇದೇ ಮೂಲೆ, ಆಕೆಯದೇ ಬುಟ್ಟಿ. ಇಲ್ಲದಿದ್ದರೆ ಮುಂಡರಗಿಯವರಿಗೆ ಫೋನು ಮಾಡಿ ಕ್ಷಮೆ ಕೇಳುವುದು. ಗಂಡ ಕೊರಳಿನ ಟೇಪು ತೆಗೆದಿಟ್ಟು, “ಆತು, ಸಣ್ಣ ಪಾನ ಎಲ್ಲೈತಿ?” ಅಂದ. ಆ ಕ್ಷಣಕ್ಕೆ ಆ ಮನುಷ್ಯನ ಮೇಲೆ ನನಗೆ ಬಹಳ ಪ್ರೀತಿ ಬಂತು.

ಮರುದಿನ ಹೊದಿಕೆ ಬಿಚ್ಚಿದರೆ ಮೇಲಿನ ರಬ್ಬರುಗಳು ಸಂಡಿಗೆಯಂತೆ ಚಪ್ಪಟೆಯಾಗಿ ಅಂಚಿಗೆ ಬಿರಿದಿದ್ದವು. ಅಳುವಷ್ಟು ಬಿಗಿದೆನಲ್ಲ, ಅತ್ತದ್ದು ನಟ್ಟಲ್ಲ, ರಬ್ಬರು. ಸಂದು ಇಲ್ಲದ್ದರಿಂದ ಸದ್ದು ಬರಲಿಲ್ಲ, ಆದರೆ ರಬ್ಬರಿನಲ್ಲಿ ಮೆತುವೂ ಉಳಿದಿರಲಿಲ್ಲ. ಪೆಟ್ಟು ಮೊದಲಿನಂತೆಯೇ ಒಳಗೆ ಹೋಗುತ್ತಿತ್ತು, ಬಾಯಿ ಮುಚ್ಚಿಕೊಂಡು.

ಕೆಳಗಿನ ಬುಷ್ ನೋಡಲು ಗಾಡಿ ಎತ್ತಿದೆ. ಅದು ನೆಟ್ಟಗಿತ್ತು. ಒಂದು ಬದಿ ಸಣ್ಣ ಸೀಳು ಕಂಡಿತು, ಅಷ್ಟೇ. ಹೊಸ ಬುಷ್‌ಗೆ ಸೀಳು ಯಾಕೆ? ತಲೆ ಓಡಲಿಲ್ಲ. ಹೊರಗೆ ಬಂದು ಕೊರಡು ತೆಗೆದು, ಜಾಕು ಇಳಿಸುತ್ತ, ಸುಮ್ಮನೆ ಗಾಲಿಯ ಹಿಂದೆ ಟಾರ್ಚು ಬಿಟ್ಟು ನೋಡುತ್ತಿದ್ದೆ. ಗಾಡಿ ಕೆಳಗೆ ಬಂದಂತೆ ಶಾಕಿನ ಕಣ್ಣು ಮೆಲ್ಲಗೆ ತಿರುಗಿತು. ಬೋಲ್ಟು ಬಿಗಿದದ್ದರಿಂದ ಒಳಗಿನ ಕೊಳವೆ ತಿರುಗಲಿಲ್ಲ. ಎರಡರ ನಡುವೆ ಸಿಕ್ಕ ರಬ್ಬರು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತು, ಸೀಳು ಬಾಯಿ ತೆರೆಯಿತು. ಮತ್ತೆ ಎತ್ತಿದೆ, ಮುಚ್ಚಿತು. ಇಳಿಸಿದೆ, ತೆರೆಯಿತು. ಗಂಡನನ್ನು ಕರೆದು ತೋರಿಸಿದೆ. ನಾನು ಅದನ್ನು ಗಾಲಿ ಜೋತಾಡುವಾಗ ಬಿಗಿದಿದ್ದೆ. ಗಾಡಿ ನೆಲಕ್ಕೆ ಇಳಿದು ಹೊರೆ ಹೊತ್ತ ಕೂಡಲೇ, ಒಂದು ಹೆಜ್ಜೆಯೂ ಓಡುವ ಮೊದಲೇ, ಅದು ತಿರುಚಿ ನಿಂತಿರುತ್ತಿತ್ತು. ನಮ್ಮಪ್ಪನಿಗೆ ಇದು ಗೊತ್ತಿರಲು ಕಾರಣವೇ ಇರಲಿಲ್ಲ. ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಸ್ಪ್ರಿಂಗೇ ಇಲ್ಲ, ಎತ್ತಿದರೂ ಇಳಿಸಿದರೂ ಅದು ಒಂದೇ. ಅವನ ಬಿಗಿಯನ್ನು ಅವನ ಮಗಳು ಕಾರಿಗೆ ತಂದು ಹಚ್ಚಿದ್ದಳು.

ಮತ್ತೆ ಗದಗಿಗೆ ಬಸ್ಸು ಹತ್ತಿದೆ. ಚಪ್ಪಟೆ ರಬ್ಬರನ್ನು ಚಾಚಾ ಬೆಳಕಿಗೆ ಹಿಡಿದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಕ್ಕಾರ, ಇದು ಗಾಡಿಗೆ ಹಾಕೋದ್ರಿ, ಗಾಣಕ್ಕ ಹಾಕೋದಲ್ಲ” ಅಂದರು. ನಗಲಿ ಬಿಡಿ, ಹೊಸ ಜೋಡಿ ಕೊಡುವಾಗ ಚಹಾ ತರಿಸಿದರು.

ಹೊಸ ಬುಷ್ ಕೂರಿಸಿದೆ. ಈ ಸಲ ಬೋಲ್ಟನ್ನು ಕೈಯಲ್ಲೇ ತಿರುವಿ ಸಡಿಲು ಬಿಟ್ಟೆ. ದಪ್ಪ ಹಲಗೆಗಳನ್ನು ಮೆಟ್ಟಿಲಂತೆ ಜೋಡಿಸಿ ಹಿಂದಿನ ಗಾಲಿಗಳನ್ನು ಅವುಗಳ ಮೇಲೆ ಹತ್ತಿಸಿ, ಮುಂದಿನ ಗಾಲಿಗಳಿಗೆ ಇಟ್ಟಂಗಿ ಒಡ್ಡಿದೆ. ಹೀಗೆ ಗಾಡಿ ತನ್ನ ಗಾಲಿಯ ಮೇಲೇ ನಿಂತಿರುತ್ತದೆ, ಕೆಳಗೆ ನನಗೆ ಮಲಗುವಷ್ಟು ಜಾಗವೂ ಸಿಗುತ್ತದೆ. ಇನ್ನು ಬೇಕಾದದ್ದು ಹೊರೆ. ಮದುವೆಗೆ ಹೋಗುವ ದಿನ ಗಾಡಿ ಎಷ್ಟು ಕುಗ್ಗುತ್ತದೋ ಅಷ್ಟು ಕುಗ್ಗಿಸಿ ಬಿಗಿಯಬೇಕು. ರೊಟ್ಟಿ ಇನ್ನೂ ಬಡಿದಿಲ್ಲ. ಇದ್ದದ್ದು ಬಡಿಯುವವರು.

ದೊಡ್ಡವ್ವನ ಮನೆಗೆ ಹೋದೆ. ಆಕೆ ಬಾಗಿಲಲ್ಲಿ ಕೂತು ಕಡಲೆ ಸುಲಿಯುತ್ತಿದ್ದಳು. ಹರಿದ ರಬ್ಬರನ್ನು ಮುಂದೆ ಹಿಡಿದೆ.

“ನೋಡಿಲ್ಲಿ, ಕೈ ಹೋಗಿದ್ದು ನಂದು. ನಿಂದಲ್ಲ.”

“ನನಗ ರಬ್ಬರ್ ತೋರಿಸಿದ್ರ ಏನ್ ತಿಳೀತೈತಿ? ಸಮಾಧಾನ ಮಾಡಾಕ ಬಂದಿಯೇನ?”

“ಇಲ್ಲ. ಗಾಡ್ಯಾಗ ಕುಂಡ್ರಾಕ ಕರಿಯಾಕ ಬಂದೀನಿ.”

“ಎಲ್ಲಿಗೆ ಹೋಗಾಕ?”

“ಎಲ್ಲಿಗೂ ಇಲ್ಲ. ಸುಮ್ನ ಕುಂಡ್ರಾಕ. ನಿನ್ನ ಭಾರ ಬೇಕು.”

ಒಳಗಿನಿಂದ ಸೊಸೆ ಕಿಸಕ್ಕನೆ ನಕ್ಕಳು. ದೊಡ್ಡವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮುಖಕ್ಕೆ ಮಸಿ, ಕೈಗೆ ಅರಿಸಿನದ ಪಟ್ಟಿ, ತಲೆಯಲ್ಲಿ ತುಕ್ಕಿನ ಪುಡಿ. “ಹುಚ್ಚು ಹಿಡದೈತಿ ನಿನಗ” ಅಂದಳು. ಕಡಲೆಯ ಮೊರ ಬದಿಗಿಟ್ಟು ಎದ್ದಳು.

ಓಣಿಯ ಮಂದಿಗೆ ಆ ಮಧ್ಯಾಹ್ನ ಬೇರೆ ಮನರಂಜನೆ ಬೇಕಾಗಲಿಲ್ಲ. ಹಲಗೆಯ ಮೇಲೆ ಹಿಂಬದಿ ಎತ್ತಿ ನಿಂತ ಕಾರು. ಒಳಗೆ ಮಡಚಿದ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಹೆಂಗಸರು. ಬಲಮೂಲೆಯಲ್ಲಿ, ತನ್ನ ಬುಟ್ಟಿಯ ಜಾಗದಲ್ಲಿ, ದೊಡ್ಡವ್ವ. ಕೆಳಗೆ ನೆಲದಲ್ಲಿ ನಾನು. ಯಾರೋ ಹಾದುಹೋಗುವವರು, “ಎಲ್ಲಿಗೆ ಸವಾರಿ?” ಅಂದರೆ, ದೊಡ್ಡವ್ವ ಒಳಗಿನಿಂದಲೇ, “ಮುಂಡರಗಿಗೆ! ಹಾದಿ ತಪ್ಪೈತಿ!” ಅಂದಳು. ಎಷ್ಟೋ ದಿನಗಳ ಮೇಲೆ ಆಕೆಯ ಬಾಯಿಂದ ಚೇಷ್ಟೆಯ ಮಾತು ಕೇಳಿ ನಾನು ಗಾಡಿಯ ಕೆಳಗೆ ಒಬ್ಬಳೇ ಹಲ್ಲು ಕಿರಿದೆ.

“ಅಲುಗಾಡಬ್ಯಾಡ್ರಿ!” ಅಂತ ಕೂಗಿ ಕೆಳಗಿನ ಬೋಲ್ಟು ಬಿಗಿದೆ. ಪೈಪು ಸಿಕ್ಕಿಸಲಿಲ್ಲ. ಪಾನ ಕೈಗೆ ಗಟ್ಟಿ ಅನ್ನಿಸುವ ತನಕ, ಆಮೇಲೆ ಒಂದು ಚೂರು. ಮೇಲಿನ ನಟ್ಟನ್ನು ದೊಡ್ಡವ್ವನ ಮೊಣಕಾಲ ಪಕ್ಕ ಕೈ ತೂರಿಸಿ ಬಿಗಿಯಬೇಕಾಯಿತು. ರಬ್ಬರು ವಾಷರಿನ ಅಂಚಿನಿಂದ ತುಸುವೇ ಉಬ್ಬಿದಾಗ ನಿಲ್ಲಿಸಿದೆ. ಇನ್ನೂ ಬಿಗಿ ಅಂತ ಕೈ ಕೇಳುತ್ತಿತ್ತು. ಕೈಗೆ ಬುದ್ಧಿ ಹೇಳಿ ಪಾನ ಕೆಳಗಿಟ್ಟೆ, ಇಡೀ ಕೆಲಸದಲ್ಲಿ ಕಷ್ಟದ ಭಾಗ ಅದೇ. ಮೊದಲ ನಟ್ಟನ್ನು ಹೀಗೆ ಹದವಾಗಿ ಬಿಗಿದು, ಅದು ಸಡಿಲಾಗದಂತೆ ಮೇಲೊಂದು ನಟ್ಟು ಕೂರಿಸಿದೆ. ಹೆಂಗಸರು ಇಳಿದ ಮೇಲೆ ಟಾರ್ಚು ಬಿಟ್ಟೆ. ಸೀಳಿಲ್ಲ, ತಿರುಚಿಲ್ಲ.

ದೊಡ್ಡವ್ವನಿಗೆ ಮನೆಗೆ ಹೋಗಲು ಬಿಡಲಿಲ್ಲ. ಆಕೆಯನ್ನು ಮುಂದಿನ ಸೀಟಿಗೆ ಕೂರಿಸಿ, ಆಕೆ ಮೊನ್ನೆ ಬಡಿದದ್ದರಲ್ಲಿ ನಮ್ಮ ಪಡಸಾಲೆಯಲ್ಲಿ ಉಳಿದಿದ್ದ ತೆಳು ರೊಟ್ಟಿಗಳ ಬುಟ್ಟಿಯನ್ನು ಮೂಲೆಗಿಟ್ಟು, ಶಿಗ್ಲಿಯ ಹಾದಿ ಹಿಡಿದೆ. ಉಬ್ಬುತಗ್ಗು ಹುಡುಕಿ ಹುಡುಕಿ ಹಾಯಿಸಿದೆ. ಆಕೆ ಒಂದೊಂದು ಕುಣಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಶಿಗ್ಲಿ ಹತ್ತಿರ ಬಂದಾಗ ಗಾಡಿ ನಿಲ್ಲಿಸಿ ಡಿಕ್ಕಿ ತೆಗೆದೆ. ಬುಟ್ಟಿಯ ಬಟ್ಟೆ ಬಿಚ್ಚಲು ಆಕೆಗೆ ಹೇಳಿದೆ. ಆಕೆ ನನಗೆ ಹೇಳಿದಳು. ಕೊನೆಗೆ ಇಬ್ಬರೂ ಒಂದೊಂದು ಗಂಟು ಬಿಚ್ಚಿದೆವು. ದೊಡ್ಡವ್ವ ಮೇಲಿನದನ್ನು ಎತ್ತಿದಳು, ಅದರ ಕೆಳಗಿನದನ್ನು ಎತ್ತಿದಳು, ಬುಡ ಕಾಣುವ ತನಕ ಎತ್ತುತ್ತಲೇ ಹೋದಳು. ಒಂದೂ ಮುರಿದಿರಲಿಲ್ಲ. ಮನೆ ಮುಟ್ಟಿದ ಮೇಲೆ ಒಳಗೆ ಹೋಗಿ ಹಂಚು ತಂದು ನನ್ನ ಕೈಗೆ ಕೊಟ್ಟಳು. ಆದರೂ, “ಮುಂಡರಗೀದು ಆಗ್ಲಿ, ನೋಡೂಣು” ಅಂದಳು. ಶಿಗ್ಲಿಯ ಹಾದಿಯನ್ನು ಆಕೆ ನಂಬಿದ್ದಳು, ಬೀಗರನ್ನು ಇನ್ನೂ ನಂಬಿರಲಿಲ್ಲ.

ಮದುವೆಯ ದಿನ ಆಕೆ ಜೊತೆಗೆ ಬರುತ್ತೇನೆ ಅಂದಳು. ಹಿಂದೆಂದೂ ಬಂದವಳಲ್ಲ. ಶಿರಹಟ್ಟಿ ದಾಟಿ ಮುಂಡರಗಿಯ ತನಕ ಆಕೆ ಮತ್ತೆ ಮತ್ತೆ ಹಿಂದೆ ತಿರುಗಿ ಬುಟ್ಟಿ ನೋಡುತ್ತಿದ್ದಳು. ಅಡುಗೆಮನೆಯಲ್ಲಿ ಬುಟ್ಟಿ ಇಳಿಸಿದಾಗ ಅಡುಗೆಯವರು ರೊಟ್ಟಿ ತೆಗೆದು ಸಾಲಾಗಿ ಪೇರಿಸುತ್ತ, “ಛಲೋ ಅದಾವು” ಅಂತ ತಮ್ಮ ಕೆಲಸಕ್ಕೆ ಹೋದರು. ನನಗೆ ಅಷ್ಟು ಸಾಕಾಗಿತ್ತು. ದೊಡ್ಡವ್ವನಿಗೆ ಸಾಕಾಗಲಿಲ್ಲ. ಉಣ್ಣಲು ಕರೆದರೆ ಆಮೇಲೆ ಅಂದಳು. ಬೀಗರ ಪಂಕ್ತಿ ಕೂರುವ ತನಕ ಅಡುಗೆಮನೆಯ ಬಾಗಿಲ ಮರೆಗೆ ಗೋಡೆ ಹಿಡಿದು ನಿಂತೇ ಇದ್ದಳು.

ಗಂಡಿನ ತಾಯಿಯ ಎಲೆಗೆ ರೊಟ್ಟಿ ಬಿತ್ತು. ಎಲೆಯ ಒಂದು ಬದಿಯನ್ನೆಲ್ಲ ಮುಚ್ಚಿದ, ದುಂಡನೆಯ, ಒಂದು ಬಿರುಕೂ ಇಲ್ಲದ ರೊಟ್ಟಿ. ಆಕೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕದವಳಿಗೆ ತೋರಿಸಿದಳು, ಏನೋ ಅಂದಳು, ಇಬ್ಬರೂ ತಲೆಯಾಡಿಸಿದರು. ಆಮೇಲೆ ಅಂಗೈಯಿಂದ ಒತ್ತಿದಳು. ಪಟಪಟನೆ ಮುರಿದ ಸದ್ದು ನಮ್ಮ ತನಕ ಬಂತು. ಅಷ್ಟು ದಿನ ಆ ಸದ್ದಿಗೆ ಹೆದರಿ ಹೆದರಿ ನನಗೆ ಅದೇ ಅಭ್ಯಾಸವಾಗಿತ್ತು. ದೊಡ್ಡವ್ವನ ತೋಳು ಹಿಡಿದುಕೊಂಡೆ.

“ಮುರೀಲಿ ಬಿಡು” ಅಂದಳು ದೊಡ್ಡವ್ವ. “ಅಕಿ ಕೈಯಾಗ ಮುರೀಲಿ ಅಂತನ ನಾ ಬಡಿದದ್ದು.”

ನನಗೆ ಅಳು ಬಂತು, ಅತ್ತುಬಿಟ್ಟೆ. ಆಕೆ ತನ್ನ ಸೆರಗಿನಿಂದ ನನ್ನ ಮುಖ ಒರೆಸಿ, ಯಾರಾದರೂ ನೋಡಿದರೇನೋ ಅನ್ನುವಂತೆ ಅತ್ತಿತ್ತ ನೋಡಿ, ನನ್ನನ್ನು ಮೆಲ್ಲಗೆ ಅಂಗಳದ ಕಡೆ ನೂಕಿದಳು.

“ನಡಿ, ಜಲ್ದಿ ಉಂಡು ಮನಿಗೆ ಹೋಗೂಣು. ನಾಳಿಗೆ ಜ್ವಾಳ ಹಸನ ಮಾಡಿಲ್ಲ ನಾನು.”